ಕಣ್ಣಿನ ಕೀಲೆಣ್ಣೆ: ಲೂಬ್ರಿಸಿನ್ ಪ್ರೋಟೀನು ಮತ್ತು ನೋಟದ ಸ್ಪಷ್ಟತೆ

ಕಣ್ಣಿಗೆ ಬೀಳುವ ಬೆಳಕನ್ನು ಬಾಗಿಸುವ ಕೆಲಸದಲ್ಲಿ ದೊಡ್ಡ ಪಾಲು ಕಣ್ಣೊಳಗಿನ ಮಸೂರದ್ದಲ್ಲ, ಕಣ್ಣಿನ ಹೊರಮೈಗೆ ಅಂಟಿಕೊಂಡಿರುವ ಕಣ್ಣೀರಿನ ತೆಳು ಪದರದ್ದು. ಬೆಳಕು ಗಾಳಿಯಿಂದ ಕಣ್ಣೀರಿಗೆ ದಾಟುವಾಗ ವಕ್ರೀಭವನಾಂಕ 1ರಿಂದ 1.336ಕ್ಕೆ ಒಮ್ಮೆಲೇ ಏರುತ್ತದೆ. ಆ ಮೇಲ್ಮೈಯ ಬಾಗಿನ ತ್ರಿಜ್ಯ ಸುಮಾರು 7.8 ಮಿಲಿಮೀಟರ್, ಅಂದರೆ 0.0078 ಮೀಟರ್. ಎರಡು ವಕ್ರೀಭವನಾಂಕಗಳ ವ್ಯತ್ಯಾಸವಾದ 0.336 ಅನ್ನು ಈ ತ್ರಿಜ್ಯದಿಂದ ಭಾಗಿಸಿದರೆ 43 ಡಯಾಪ್ಟರ್ (ಬೆಳಕನ್ನು ಬಾಗಿಸುವ ಶಕ್ತಿಯ ಅಳತೆ) ಬರುತ್ತದೆ. ಇಡೀ ಕಣ್ಣಿನ ಶಕ್ತಿಯೇ ಸುಮಾರು 60 ಡಯಾಪ್ಟರ್. ಕಣ್ಣೀರಿನ ಹಿಂದಿರುವ ಕಾರ್ನಿಯಾದ ವಕ್ರೀಭವನಾಂಕ 1.376 ಆಗಿರುವುದರಿಂದ, ಬೆಳಕು ಕಣ್ಣೀರು ದಾಟಿ ಕಾರ್ನಿಯಾ ಹೊಗುವಾಗ ಸೇರುವುದು ಐದು ಡಯಾಪ್ಟರ್ ಮಾತ್ರ. ಬಾವಿಯಲ್ಲೋ ಹೊಳೆಯಲ್ಲೋ ಮುಳುಗಿ ಕಣ್ಣು ತೆರೆದವರಿಗೆ ಎಲ್ಲವೂ ಮಸುಕಾಗಿ ಕಾಣುವುದಕ್ಕೆ ಇದೇ ಕಾರಣ: ಗಾಳಿ ಇದ್ದ ಜಾಗಕ್ಕೆ ನೀರು ಬಂದ ಕೂಡಲೇ ಆ 43 ಡಯಾಪ್ಟರ್ ಇಲ್ಲವಾಗುತ್ತದೆ.

ಇಷ್ಟು ಕೆಲಸ ಮಾಡುವ ಪದರದ ದಪ್ಪ ಸುಮಾರು 3 ಮೈಕ್ರೋಮೀಟರ್. ತಲೆಗೂದಲಿನ ದಪ್ಪದ ಇಪ್ಪತ್ತರಲ್ಲೊಂದು ಪಾಲೂ ಅಲ್ಲ. ಇದರ ಅತಿ ಹೊರಗೆ ಎಣ್ಣೆಯ ಅಂಶವುಳ್ಳ ಪೊರೆ ಇದ್ದು, ನೀರು ಆವಿಯಾಗದಂತೆ ತಡೆಯುತ್ತದೆ. ಈ ಎಣ್ಣೆ ಬರುವುದು ರೆಪ್ಪೆಯ ಅಂಚಿನಲ್ಲಿ ಸಾಲಾಗಿ ಬಾಯಿ ತೆರೆದಿರುವ ಮೈಬೋಮಿಯನ್ ಗ್ರಂಥಿಗಳಿಂದ. ಜರ್ಮನಿಯ ವೈದ್ಯ ಹೈನ್ರಿಷ್ ಮೈಬೋಮ್ 1666ರಲ್ಲಿ ಇವುಗಳನ್ನು ವಿವರಿಸಿದ್ದರಿಂದ ಆ ಹೆಸರು. ಎಣ್ಣೆಯ ಕೆಳಗೆ ಉಪ್ಪು, ಪ್ರೋಟೀನು ಕರಗಿದ ನೀರು. ಅದಕ್ಕೂ ಕೆಳಗೆ, ಕಾರ್ನಿಯಾದ ಜೀವಕೋಶಗಳಿಗೆ ತಾಗಿಕೊಂಡು, ಮ್ಯೂಸಿನ್ ಎಂಬ ಲೋಳೆಯ ಅಣುಗಳು. ಕಾರ್ನಿಯಾದ ಮೈ ತನ್ನಷ್ಟಕ್ಕೆ ನೀರನ್ನು ಹಿಡಿದುಕೊಳ್ಳುವಂಥದ್ದಲ್ಲ. ಮ್ಯೂಸಿನ್ ಇರುವುದರಿಂದಲೇ ನೀರು ಅಲ್ಲಿ ಹನಿಗಟ್ಟದೆ ಹರಡಿ ನಿಲ್ಲುತ್ತದೆ. ಹಳೆಯ ಪಠ್ಯಗಳು ಈ ಮೂರನ್ನೂ ಗೆರೆ ಕೊರೆದಂತೆ ಬೇರೆ ಬೇರೆ ಪದರಗಳಾಗಿ ಚಿತ್ರಿಸುತ್ತಿದ್ದವು. ವಾಸ್ತವದಲ್ಲಿ ನೀರು ಮತ್ತು ಲೋಳೆ ಒಂದರೊಳಗೊಂದು ಬೆರೆತಿವೆ; ಕೆಳಗಿಳಿದಂತೆ ಲೋಳೆಯ ಅಂಶ ಹೆಚ್ಚುತ್ತದೆ.

ಒಳ್ಳೆಯ ನೋಟಕ್ಕೆ ಈ ಪದರ ಇದ್ದರಷ್ಟೇ ಸಾಲದು, ಸಮನಾಗಿಯೂ ಇರಬೇಕು. ಎಷ್ಟು ಸಮ ಎಂಬುದಕ್ಕೂ ಲೆಕ್ಕವಿದೆ. ಬೆಳಕಿನ ಅಲೆಯ ಮುಂಭಾಗದಲ್ಲಿ ತರಂಗದೂರದ ಕಾಲುಭಾಗಕ್ಕಿಂತ ಹೆಚ್ಚು ಏರುಪೇರಾದರೆ ಬಿಂಬ ಕೆಡಲು ಶುರುವಾಗುತ್ತದೆ ಎನ್ನುವುದು ದೃಗ್ವಿಜ್ಞಾನದಲ್ಲಿ ಲಾರ್ಡ್ ರೇಲಿ ಕೊಟ್ಟ ಮಾನದಂಡ. ಹಸಿರು ಬೆಳಕಿನ ತರಂಗದೂರ 0.55 ಮೈಕ್ರೋಮೀಟರ್, ಅದರ ಕಾಲುಭಾಗ ಸುಮಾರು 0.14. ಕಣ್ಣೀರಿನ ಪದರದಲ್ಲಿ ಒಂದು ಕಡೆ 0.4 ಮೈಕ್ರೋಮೀಟರ್ ತಗ್ಗು ಬಿದ್ದರೆ ಸಾಕು, ಅಷ್ಟು ಏರುಪೇರು ಆಗಿಬಿಡುತ್ತದೆ. ಮೂರು ಮೈಕ್ರೋಮೀಟರಿನ ಪದರ ಪೂರ್ತಿ ಹರಿದು ಒಣ ಮಚ್ಚೆಯಾದಾಗ ಆಗುವ ಹಾನಿಯನ್ನು ಇದರಿಂದಲೇ ಊಹಿಸಬಹುದು. ಅಕ್ಷರದ ಅಂಚು ಕದಡುತ್ತದೆ, ಎದುರಿನ ವಾಹನದ ದೀಪದ ಸುತ್ತ ಕಿರಣಗಳು ಚೆದರುತ್ತವೆ, ಕಪ್ಪು ಅಕ್ಷರ ಬೂದುಬಣ್ಣವಾಗಿ ಕಾಣುತ್ತದೆ. ಕನ್ನಡಕದ ನಂಬರು ಬದಲಾಯಿಸಿದರೆ ಇದು ಹೋಗುವುದಿಲ್ಲ, ಯಾಕೆಂದರೆ ದೋಷವಿರುವುದು ನಂಬರಿನಲ್ಲಲ್ಲ. ಆ ದೋಷ ಒಂದೇ ಕಡೆ ನಿಲ್ಲುವಂಥದ್ದೂ ಅಲ್ಲ. ಕ್ಷಣಕ್ಷಣಕ್ಕೂ ಜಾಗ ಬದಲಿಸುತ್ತದೆ.

ರೆಪ್ಪೆ ಬಡಿದಾಗಲೆಲ್ಲ ಪದರ ಹೊಸದಾಗಿ ಹಾಸಿಕೊಳ್ಳುತ್ತದೆ, ಬಡಿಯದೆ ಬಿಟ್ಟರೆ ಕೆಲವು ಸೆಕೆಂಡುಗಳಲ್ಲಿ ಹರಿಯುತ್ತದೆ. ಕಣ್ಣಿಗೆ ಫ್ಲೋರೆಸೀನ್ ಎಂಬ ಬಣ್ಣ ಹಾಕಿ, ನೀಲಿ ಬೆಳಕಿನಲ್ಲಿ ನೋಡುತ್ತ, ಮೊದಲ ಕಪ್ಪು ಮಚ್ಚೆ ಕಾಣುವವರೆಗಿನ ಸೆಕೆಂಡುಗಳನ್ನು ಕಣ್ಣಿನ ಡಾಕ್ಟರು ಎಣಿಸುತ್ತಾರೆ. ಸಾಮಾನ್ಯವಾಗಿ ಹತ್ತು ಸೆಕೆಂಡಿಗಿಂತ ಕಡಿಮೆಯಾದರೆ ಕಣ್ಣಿನ ಒಣಗುವಿಕೆಯ ಅನುಮಾನ. ಎವೆಯಿಕ್ಕುವ ಲೆಕ್ಕವೂ ಇಲ್ಲಿ ಮುಖ್ಯ. ಜಪಾನಿನ ಕಝುವೊ ಸುಬೋಟ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಎಣಿಕೆಯಲ್ಲಿ, ಆರಾಮವಾಗಿ ಕೂತವರು ನಿಮಿಷಕ್ಕೆ ಸರಾಸರಿ 22 ಸಲ ರೆಪ್ಪೆ ಬಡಿದರು. ಪುಸ್ತಕ ಓದುವಾಗ 10 ಸಲ, ಕಂಪ್ಯೂಟರ್ ಪರದೆ ನೋಡುವಾಗ 7 ಸಲ. ನಿಮಿಷಕ್ಕೆ ಏಳು ಎಂದರೆ ಎರಡು ಬಡಿತಗಳ ನಡುವೆ ಎಂಟು ಸೆಕೆಂಡಿಗಿಂತ ಹೆಚ್ಚು ಬಿಡುವು. ಪದರ ಐದೇ ಸೆಕೆಂಡಿನಲ್ಲಿ ಹರಿಯುವ ಕಣ್ಣಿಗೆ ಉಳಿದ ಮೂರು ಸೆಕೆಂಡು ಕಾಣುವುದೆಲ್ಲ ಕೆಟ್ಟ ನೋಟವೇ.

ಕಣ್ಣಿನ ಪರೀಕ್ಷೆಯ ಕೋಣೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಗೋಡೆಯ ಫಲಕದ ಅಕ್ಷರ ಓದುವಾಗ ಯಾರೇ ಆದರೂ ಒಮ್ಮೆ ರೆಪ್ಪೆ ಬಡಿದು, ನೋಟ ತಿಳಿಯಾದ ಆ ಒಂದೆರಡು ಸೆಕೆಂಡಿನಲ್ಲಿ ಅಕ್ಷರ ಹೇಳಿಬಿಡುತ್ತಾರೆ. ಚೀಟಿಯಲ್ಲಿ 6/6 ಎಂದು ಬರೆದಾಗುತ್ತದೆ. ಮನೆಗೆ ಹೋದ ಮೇಲೆ ಅದೇ ವ್ಯಕ್ತಿಗೆ ಪೇಪರಿನ ಒಂದು ಕಾಲಂ ಓದಲು ಕಷ್ಟ. ಈ ಅಂತರವನ್ನು ಅಳೆಯಲು ಸುಬೋಟ ಅವರ ತಂಡವೇ 2002ರ ಸುಮಾರಿಗೆ ಬೇರೆ ವಿಧಾನ ರೂಪಿಸಿತು: ರೆಪ್ಪೆ ಬಡಿಯದೆ ಕಣ್ಣು ತೆರೆದೇ ಇಟ್ಟಾಗ ದೃಷ್ಟಿ ಎಷ್ಟಕ್ಕೆ ಇಳಿಯುತ್ತದೆ ಎಂದು ನೋಡುವುದು. ಆರೋಗ್ಯವಂತರ ದೃಷ್ಟಿ ಬಹಳ ಇಳಿಯಲಿಲ್ಲ; ಕಣ್ಣು ಒಣಗಿದವರದು ಗಣನೀಯವಾಗಿ ಇಳಿಯಿತು. ಕಣ್ಣು ಮಂಜಾಗುತ್ತದೆ ಎಂದು ದೂರುತ್ತಿದ್ದವರ ಮಾತಿಗೆ ಹೀಗೆ ಅಳತೆಯ ಆಧಾರ ಸಿಕ್ಕಿದ್ದು ದೊಡ್ಡ ಸಂಗತಿ. ಅಲ್ಲಿಯವರೆಗೆ ಅಂಥ ಎಷ್ಟೋ ಜನರಿಗೆ ಸಿಗುತ್ತಿದ್ದ ಉತ್ತರ, ನಿಮ್ಮ ಕಣ್ಣು ಸರಿಯಾಗಿದೆ ಎಂಬುದೇ.

ಪದರವನ್ನು ಹಾಸುವ ರೆಪ್ಪೆಯೇ ಅದನ್ನು ಕೆಡಿಸಲೂಬಹುದು. ಎಚ್ಚರವಿರುವ ಹೊತ್ತಿನಲ್ಲಿ ನಿಮಿಷಕ್ಕೆ ಹದಿನೈದು ಸಲ ಎಂದು ಹಿಡಿದರೂ ದಿನಕ್ಕೆ ಹದಿನಾಲ್ಕು ಸಾವಿರ ಸಲ ರೆಪ್ಪೆಯ ಒಳಮೈ ಕಾರ್ನಿಯಾದ ಮೇಲೆ ಹಾದುಹೋಗುತ್ತದೆ. ರೆಪ್ಪೆ ಇಳಿಯುವ ವೇಗ ನಡುದಾರಿಯಲ್ಲಿ ಸೆಕೆಂಡಿಗೆ 10 ಸೆಂಟಿಮೀಟರನ್ನೂ ಮೀರುತ್ತದೆ. ಆ ವೇಗದಲ್ಲಿ ಎರಡು ಮೈಗಳ ನಡುವೆ ದ್ರವದ ಪದರ ನಿಂತು ಅವನ್ನು ಬೇರೆಯಾಗಿಡುತ್ತದೆ, ಉಜ್ಜಾಟ ಅತ್ಯಲ್ಪ. ತೊಂದರೆ ಇರುವುದು ಶುರುವಿನಲ್ಲಿ ಮತ್ತು ಕೊನೆಯಲ್ಲಿ. ರೆಪ್ಪೆ ಹೊರಡುವ ಕ್ಷಣ, ತಿರುಗುವ ಕ್ಷಣ, ನಿಲ್ಲುವ ಕ್ಷಣಗಳಲ್ಲಿ ವೇಗ ಬಹುತೇಕ ಸೊನ್ನೆ. ದ್ರವ ಪಕ್ಕಕ್ಕೆ ಸರಿದು ಮೈಗೆ ಮೈ ತಾಗುತ್ತದೆ. ಯಂತ್ರಶಾಸ್ತ್ರದಲ್ಲಿ ಇದಕ್ಕೆ ಗಡಿ ನುಣುಪಿನ ಸ್ಥಿತಿ ಎನ್ನಬಹುದು. ಅಲ್ಲಿ ದ್ರವ ಎಷ್ಟು ಮಂದವಾಗಿದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಎರಡೂ ಮೈಗಳಿಗೆ ಅಂಟಿ ಕೂತ ಅಣುಗಳು ಎಂಥವು ಎಂಬುದೇ ಘರ್ಷಣೆಯನ್ನು ನಿರ್ಧರಿಸುತ್ತದೆ.

ಉಜ್ಜಾಟದ ಗುರುತು ಕಣ್ಣಿಗೇ ಕಾಣುತ್ತದೆ. ಮೇಲ್ರೆಪ್ಪೆಯ ಒಳ ಅಂಚಿನಲ್ಲಿ ಕಾರ್ನಿಯಾವನ್ನು ನಿಜಕ್ಕೂ ಸವರುವ ಭಾಗ ಒಂದು ಕಿರುಪಟ್ಟಿ ಮಾತ್ರ. ಅಮೆರಿಕದ ಡೊನಾಲ್ಡ್ ಕಾರ್ಬ್ ಮತ್ತು ಸಂಗಡಿಗರು 2002ರಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಈ ಪಟ್ಟಿಯನ್ನು ಬಣ್ಣ ಹಾಕಿ ನೋಡಿದರು. ಕಣ್ಣು ಒಣಗಿದಂತಾಗುತ್ತದೆ ಎನ್ನುತ್ತಿದ್ದ ಬಹುಪಾಲು ಜನರಲ್ಲಿ ಅಲ್ಲಿಯ ಜೀವಕೋಶಗಳು ಸವೆದು ಬಣ್ಣ ಹಿಡಿದಿದ್ದವು. ಕಣ್ಣಲ್ಲಿ ಮರಳು ಬಿದ್ದ ಹಾಗೆ ಎಂದು ಜನ ಹೇಳುವಾಗ ಅಲ್ಲಿ ಮರಳಿರುವುದಿಲ್ಲ. ನುಣುಪು ಕಳೆದುಕೊಂಡ ಎರಡು ಮೈಗಳು ಉಜ್ಜುತ್ತಿರುತ್ತವೆ. ಮೈಯಲ್ಲೇ ಅತಿ ಹೆಚ್ಚು ನರಗಳು ನೆಯ್ದುಕೊಂಡಿರುವ ಜಾಗಗಳಲ್ಲಿ ಕಾರ್ನಿಯಾ ಒಂದು. ಹಾಗಾಗಿ ಸಣ್ಣ ಸವೆತವೂ ದೊಡ್ಡ ಕಿರಿಕಿರಿ. ಸವೆದ ಜಾಗದಲ್ಲಿ ಮ್ಯೂಸಿನ್ ಕಿತ್ತುಹೋಗಿ, ಅಲ್ಲಿ ಕಣ್ಣೀರು ನಿಲ್ಲದೆ, ಪದರ ಅಲ್ಲಿಂದಲೇ ಹರಿಯತೊಡಗುತ್ತದೆ. ಉರಿ ಮತ್ತು ಮಸುಕು ಎರಡೂ ಒಟ್ಟಿಗೆ ಬರುವುದು ಹೀಗೆ.

ಈ ಗಡಿಯ ಉಜ್ಜಾಟವನ್ನು ತಗ್ಗಿಸುವ ಪ್ರೋಟೀನು ಮೊದಲು ಸಿಕ್ಕಿದ್ದು ಕಣ್ಣಿನಲ್ಲಲ್ಲ, ಮೂಳೆಗಳ ಕೀಲಿನಲ್ಲಿ. ಮಂಡಿಯ ಕೀಲುದ್ರವ ಅಷ್ಟು ನುಣುಪಾಗಿರಲು ಅದರಲ್ಲಿರುವ ಮಂದವಾದ ಹಯಲುರಾನಿಕ್ ಆಮ್ಲವೇ ಕಾರಣ ಎಂದು ಬಹಳ ಕಾಲ ನಂಬಲಾಗಿತ್ತು. 1970ರಲ್ಲಿ ಎರಿಕ್ ರಾಡಿನ್, ಡೇವಿಡ್ ಸ್ವಾನ್ ಮತ್ತು ಪಾಲ್ ವೈಸರ್ ಕೀಲುದ್ರವದಿಂದ ಹಯಲುರಾನಿಕ್ ಆಮ್ಲವನ್ನು ಬೇರ್ಪಡಿಸಿ ನೋಡಿದಾಗ ನುಣುಪು ಉಳಿದಿದ್ದು ಪ್ರೋಟೀನಿನ ಭಾಗದಲ್ಲಿ. ಆ ಭಾಗದಿಂದ ಶುದ್ಧಗೊಳಿಸಿದ ಅಣುವಿಗೆ ಮುಂದೆ ಲೂಬ್ರಿಸಿನ್ ಎಂಬ ಹೆಸರಾಯಿತು. ಇದಕ್ಕೆ ಸಂಕೇತ ಬರೆದಿರುವ ವಂಶವಾಹಿ ಪಿಆರ್‌ಜಿ4. ಅದು ಕೆಟ್ಟರೆ ಏನಾಗುತ್ತದೆ ಎಂಬುದನ್ನು ಈ ವಂಶವಾಹಿಯೇ ಮೂಲವೆಂದು 1999ರಲ್ಲಿ ಗೊತ್ತಾದ ಒಂದು ವಿರಳ ಆನುವಂಶಿಕ ಕಾಯಿಲೆ ತೋರಿಸಿತು: ಮಕ್ಕಳ ಬೆರಳು ಬಾಗಿ ನಿಲ್ಲುತ್ತವೆ, ಎಳೆಯ ವಯಸ್ಸಿನಲ್ಲೇ ದೊಡ್ಡ ಕೀಲುಗಳು ಹಾಳಾಗುತ್ತವೆ. ಹಯಲುರಾನಿಕ್ ಆಮ್ಲ ಸಾಕಷ್ಟಿದ್ದರೂ ಲೂಬ್ರಿಸಿನ್ ಇಲ್ಲದೆ ಕೀಲು ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಕಠೋರ ಸಾಕ್ಷ್ಯ ಬೇಕಿಲ್ಲ.

ಲೂಬ್ರಿಸಿನ್‌ನ ರಚನೆಯಲ್ಲೇ ಅದರ ಗುಣ ಅಡಗಿದೆ. ಇದು 1404 ಅಮೈನೋ ಆಮ್ಲಗಳ ಉದ್ದ ಸರಪಳಿ. ನಡುಭಾಗದ ತುಂಬ ಸಕ್ಕರೆಯ ಕಿರುಕೊಂಬೆಗಳು ಒತ್ತೊತ್ತಾಗಿ ಹೊರಚಾಚಿದ್ದು, ಅಣು ಬಾಟಲಿ ತೊಳೆಯುವ ಬ್ರಷ್ಷಿನಂತೆ ಕಾಣುತ್ತದೆ. ಎರಡು ತುದಿಗಳಲ್ಲಿ ಈ ಕೊಂಬೆಗಳಿಲ್ಲ. ಅವು ಜೀವಕೋಶದ ಮೈಗೆ ಕಚ್ಚಿಕೊಳ್ಳುತ್ತವೆ. ನಡುವಿನ ಸಕ್ಕರೆಗಳು ಋಣ ವಿದ್ಯುದಂಶ ಹೊತ್ತು ನೀರನ್ನು ಬಿಗಿಯಾಗಿ ಹಿಡಿದಿರುತ್ತವೆ. ಎದುರಿನ ಮೈಯಲ್ಲೂ ಇಂಥದೇ ಅಣುಗಳಿರುವುದರಿಂದ ಎರಡೂ ಒಂದನ್ನೊಂದು ದೂಡುತ್ತವೆ, ಹಿಡಿದಿಟ್ಟ ನೀರು ಒತ್ತಡಕ್ಕೆ ಸಿಕ್ಕರೂ ಜಾರಿಹೋಗುವುದಿಲ್ಲ. ಇಡೀ ವ್ಯವಸ್ಥೆಗೆ ಬೇಕಾದ ಜಾಗ ಒಂದು ಮೈಕ್ರೋಮೀಟರಿಗಿಂತ ಬಹಳ ಕಡಿಮೆ.

ಕಣ್ಣಿನ ಮೈಯಲ್ಲೂ ಲೂಬ್ರಿಸಿನ್ ಇದೆ ಎಂದು ತೋರಿಸಿದ ಮುಖ್ಯ ಅಧ್ಯಯನ ಬಂದದ್ದು 2013ರಲ್ಲಿ. ಕೆನಡಾದ ಕ್ಯಾಲ್ಗರಿಯಲ್ಲಿದ್ದ ಟ್ಯಾನಿನ್ ಶ್ಮಿಟ್, ಬೋಸ್ಟನ್ನಿನ ಶೆಪೆನ್ಸ್ ಕಣ್ಣಿನ ಸಂಶೋಧನಾ ಸಂಸ್ಥೆಯ ಡೇವಿಡ್ ಸಲಿವನ್ ಮತ್ತು ಸಂಗಡಿಗರು ಕಾರ್ನಿಯಾ ಹಾಗೂ ಅದರ ಸುತ್ತಲಿನ ಬಿಳಿಭಾಗವನ್ನು ಮುಚ್ಚುವ ಪೊರೆಯ ಜೀವಕೋಶಗಳಲ್ಲಿ ಈ ಪ್ರೋಟೀನು ತಯಾರಾಗುವುದನ್ನು ಕಂಡರು. ಕಾರ್ನಿಯಾ ಮತ್ತು ರೆಪ್ಪೆಯನ್ನು ಒಂದರ ಮೇಲೊಂದು ಜಾರಿಸಿ ನೋಡಿದಾಗ ಲೂಬ್ರಿಸಿನ್ ಇದ್ದಲ್ಲಿ ಘರ್ಷಣೆ ಇಳಿಯಿತು. ಈ ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳಲ್ಲಿ ಕಾರ್ನಿಯಾದ ಸವೆತ ಹೆಚ್ಚಾಗಿತ್ತು. ಲೂಬ್ರಿಸಿನ್ ಮತ್ತು ಹಯಲುರಾನಿಕ್ ಆಮ್ಲ ಜೊತೆಗೂಡಿದರೆ ಒಂದೊಂದರಿಂದ ಸಿಗುವುದಕ್ಕಿಂತ ಹೆಚ್ಚು ನುಣುಪು ಸಿಗುತ್ತದೆ ಎಂಬುದೂ ಪ್ರಯೋಗಗಳಲ್ಲಿ ಕಂಡಿದೆ.

ಇದಕ್ಕೆ ಉರಿಯೂತದ ಮುಖವೂ ಇದೆ. ಲಾಲಾ ಗ್ರಂಥಿ, ಕಣ್ಣೀರಿನ ಗ್ರಂಥಿಗಳ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ದಾಳಿ ಮಾಡುವ ಷೋಗ್ರೆನ್ ಕಾಯಿಲೆಯಲ್ಲಿ ಕ್ಯಾಥೆಪ್ಸಿನ್ ಎಸ್ ಎಂಬ ಕಿಣ್ವ ಕಣ್ಣೀರಿನಲ್ಲಿ ಏರಿರುತ್ತದೆ. ಈ ಕಿಣ್ವ ಲೂಬ್ರಿಸಿನನ್ನು ತುಂಡರಿಸುತ್ತದೆ, ತುಂಡಾದ ಲೂಬ್ರಿಸಿನ್ ನುಣುಪು ಕೊಡಲಾರದು ಎಂದು 2017ರಲ್ಲಿ ವರದಿಯಾಯಿತು. ಲೂಬ್ರಿಸಿನ್ ತಾನೂ ಉರಿಯೂತದ ಸಂಕೇತಗಳನ್ನು ತಡೆಯುವ ಅಣು; ಜೀವಕೋಶಗಳ ಮೇಲಿನ ಕೆಲವು ಗ್ರಾಹಿಗಳಿಗೆ ಅಂಟಿ ಆ ಸಂಕೇತ ಒಳಹೋಗದಂತೆ ಮಾಡುತ್ತದೆ. ಅದು ಕಡಿಮೆಯಾದರೆ ಉಜ್ಜಾಟ ಹೆಚ್ಚಿ ಉರಿಯೂತ ಏರುತ್ತದೆ. ಉರಿಯೂತ ಏರಿದರೆ ಉಳಿದ ಲೂಬ್ರಿಸಿನ್ನೂ ಹಾಳಾಗುತ್ತದೆ. ಬರಿಯ ನೀರಿನ ಹನಿ ಹಾಕಿದಾಗ ಹತ್ತು ನಿಮಿಷ ಹಾಯೆನಿಸಿ ಮತ್ತೆ ಮೊದಲಿನಂತಾಗುವುದಕ್ಕೆ ಈ ಸುತ್ತು ಮುರಿಯದಿರುವುದೂ ಒಂದು ಕಾರಣ.

ಲೂಬ್ರಿಸಿನ್ ಹನಿಯ ಯೋಚನೆ ಇಲ್ಲಿಂದ ಹುಟ್ಟಿತು. ಪ್ರಾಣಿಗಳ ಕೀಲಿನಿಂದ ತೆಗೆದ ಪ್ರೋಟೀನು ಔಷಧಕ್ಕೆ ಹೊಂದುವುದಿಲ್ಲ. ಚೈನೀಸ್ ಹ್ಯಾಮ್ಸ್ಟರ್ ಎಂಬ ದಂಶಕದ ಅಂಡಾಶಯದ ಜೀವಕೋಶಗಳಿಗೆ ಮಾನವನ ವಂಶವಾಹಿ ಸೇರಿಸಿ ಲೂಬ್ರಿಸಿನ್ ತಯಾರಿಸಲಾಯಿತು. ಸಕ್ಕರೆಯ ಕೊಂಬೆಗಳನ್ನು ಸರಿಯಾಗಿ ಜೋಡಿಸಲು ಬ್ಯಾಕ್ಟೀರಿಯಾದಿಂದ ಆಗದು, ಸಸ್ತನಿಯ ಜೀವಕೋಶವೇ ಬೇಕು. 2017ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ಲಾಂಬಿಯಾಸೆ ಮತ್ತು ಸಂಗಡಿಗರು ಇದರ ಮೊದಲ ಮಾನವ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಮಧ್ಯಮ ಪ್ರಮಾಣದಲ್ಲಿ ಕಣ್ಣು ಒಣಗಿದ 39 ಜನರಲ್ಲಿ ಒಂದು ಗುಂಪಿಗೆ ಮಿಲಿಲೀಟರಿಗೆ 150 ಮೈಕ್ರೋಗ್ರಾಂ ಲೂಬ್ರಿಸಿನ್ ಇರುವ ಹನಿ, ಇನ್ನೊಂದಕ್ಕೆ ಶೇ 0.18ರ ಸೋಡಿಯಂ ಹಯಲುರಾನೇಟ್ ಹನಿ. ಯಾರಿಗೆ ಯಾವುದು ಎಂದು ರೋಗಿಗೂ ಡಾಕ್ಟರಿಗೂ ಗೊತ್ತಿರಲಿಲ್ಲ. ಎರಡು ವಾರದಲ್ಲಿ ಲೂಬ್ರಿಸಿನ್ ಗುಂಪಿನವರಿಗೆ ಕಣ್ಣಲ್ಲಿ ಏನೋ ಬಿದ್ದಂತಾಗುವ ಬಾಧೆ ಹೆಚ್ಚು ಇಳಿಯಿತು, ಕಾರ್ನಿಯಾದ ಬಣ್ಣ ಹಿಡಿಯುವಿಕೆ ಕಡಿಮೆಯಾಯಿತು, ಪದರ ಹರಿಯುವ ಸಮಯ ಉದ್ದವಾಯಿತು.

ಹೋಲಿಕೆಗೆ ಇಟ್ಟದ್ದು ಬರಿಯ ಉಪ್ಪುನೀರಲ್ಲ, ಬಳಕೆಯಲ್ಲಿರುವ ಒಳ್ಳೆಯ ಹನಿಯೇ ಎಂಬುದು ಈ ಪರೀಕ್ಷೆಯ ಬಲ. ಜನರ ಸಂಖ್ಯೆ ಚಿಕ್ಕದು, ಅವಧಿ ಎರಡೇ ವಾರ ಎಂಬುದು ಅದರ ಮಿತಿ. ಅಕ್ಷರ ಓದುವ ದೃಷ್ಟಿಯನ್ನೇ ಮುಖ್ಯ ಗುರಿಯಾಗಿಟ್ಟು ನಡೆದ ಪರೀಕ್ಷೆಯೂ ಅದಲ್ಲ. ಪದರ ಹೆಚ್ಚು ಹೊತ್ತು ಹರಿಯದೆ ನಿಂತರೆ ನೋಟ ಸ್ಥಿರವಾಗಬೇಕು ಎಂಬುದು ಭೌತಶಾಸ್ತ್ರದಿಂದ ಬರುವ ನ್ಯಾಯವಾದ ನಿರೀಕ್ಷೆ. ನಿರೀಕ್ಷೆಗೂ ಸಾಬೀತಿಗೂ ನಡುವೆ ಇನ್ನೂ ದಾರಿ ಇದೆ. ಅದೇ 2017ರಲ್ಲಿ ಸ್ವಿಟ್ಜರ್ಲೆಂಡಿನ ನೊವಾರ್ಟಿಸ್ ಕಂಪನಿ ಈ ಪ್ರೋಟೀನಿನ ಹಕ್ಕು ಪಡೆದು ಇನ್ನೂ ದೊಡ್ಡ ಪರೀಕ್ಷೆಗೆ ಒಯ್ದಿತಾದರೂ ಅದು ಔಷಧವಾಗಿ ಮಾರುಕಟ್ಟೆಗೆ ಬರಲಿಲ್ಲ. ಕಣ್ಣು ಒಣಗುವ ಕಾಯಿಲೆಯ ಔಷಧಗಳಲ್ಲಿ ಇದು ಅಪರೂಪವಲ್ಲ. ಹೋಲಿಕೆಗೆ ಕೊಡುವ ಸಾದಾ ಹನಿಯೂ ಕಣ್ಣನ್ನು ಒದ್ದೆ ಮಾಡಿ ಸ್ವಲ್ಪ ಗುಣ ಕೊಡುತ್ತದೆ. ರೋಗಿ ಹೇಳುವ ಬಾಧೆಗೂ ಡಾಕ್ಟರಿಗೆ ಕಾಣುವ ಗುರುತಿಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಇಂಥ ಕಡೆ ವ್ಯತ್ಯಾಸ ತೋರಿಸುವುದು ನಿಜಕ್ಕೂ ಕಷ್ಟ.

ಆದರೂ ಲೂಬ್ರಿಸಿನ್ ಕಲಿಸಿದ ಪಾಠದ ಬೆಲೆ ಕಡಿಮೆಯಾಗುವುದಿಲ್ಲ. ಔಷಧದ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಹನಿಗಳಲ್ಲಿ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಹೈಪ್ರೊಮೆಲೋಸ್, ಪಾಲಿಎಥಿಲೀನ್ ಗ್ಲೈಕಾಲ್, ಹಯಲುರಾನೇಟ್ ಇಂಥವು ಇರುತ್ತವೆ. ಯಾವುದೂ ಪ್ರೋಟೀನಲ್ಲ. ಕಣ್ಣೀರನ್ನು ಮಂದ ಮಾಡಿ ಹೆಚ್ಚು ಹೊತ್ತು ನಿಲ್ಲಿಸುವುದು ಇವುಗಳ ಮುಖ್ಯ ದಾರಿ. ದ್ರವ ಮಂದವಾದಷ್ಟೂ ಹೆಚ್ಚು ಹೊತ್ತು ನಿಲ್ಲುತ್ತದೆ, ಹಾಗೆಯೇ ಹಾಕಿದ ಮೇಲೆ ನೋಟವನ್ನು ಹೆಚ್ಚು ಹೊತ್ತು ಮಸುಕು ಮಾಡುತ್ತದೆ. ಜೆಲ್ ಹಾಕಿಕೊಂಡು ಗಾಡಿ ಓಡಿಸಲಾಗದು. ಮುಲಾಮನ್ನು ಮಲಗುವಾಗಲೇ ಹಚ್ಚಬೇಕು. ಮೈಗೆ ಅಂಟಿಕೊಂಡು ಕೆಲಸ ಮಾಡುವ ಪ್ರೋಟೀನಿಗೆ ಈ ಇಕ್ಕಟ್ಟಿಲ್ಲ. ಅದರ ದ್ರಾವಣ ನೀರಿನಷ್ಟೇ ತೆಳ್ಳಗಿದ್ದರೂ ನಡೆಯುತ್ತದೆ. ನೋಟವನ್ನು ಗಮನದಲ್ಲಿಟ್ಟು ನೋಡಿದರೆ ಇದೇ ಅದರ ಅತಿ ದೊಡ್ಡ ಅನುಕೂಲ.

ಅಂಟಿಕೊಳ್ಳುವ ಗುಣ ಎಷ್ಟು ಬೇಕು ಎಂಬುದಕ್ಕೆ ಹನಿಯ ಲೆಕ್ಕವನ್ನೇ ನೋಡಬಹುದು. ಕಣ್ಣಲ್ಲಿ ಸಹಜವಾಗಿ ಇರುವ ಕಣ್ಣೀರು ಸುಮಾರು 7 ಮೈಕ್ರೋಲೀಟರ್. ಶೀಶೆಯಿಂದ ಬೀಳುವ ಒಂದು ಹನಿ ಸುಮಾರು 40 ಮೈಕ್ರೋಲೀಟರ್. ಕಣ್ಣು ಹಿಡಿಯಬಲ್ಲದ್ದು 30ರ ಆಸುಪಾಸು. ಉಳಿದದ್ದು ಕೆನ್ನೆಗೆ ಇಳಿಯುತ್ತದೆ, ಇಲ್ಲವೇ ಮೂಗಿನ ಕಡೆಯ ಮೂಲೆಯ ನಾಳದಿಂದ ಗಂಟಲು ಸೇರುತ್ತದೆ. ಮಿಲಿಲೀಟರಿಗೆ 150 ಮೈಕ್ರೋಗ್ರಾಂ ಇದ್ದರೆ ಒಂದು ಹನಿಯಲ್ಲಿ ಇರುವ ಲೂಬ್ರಿಸಿನ್ 6 ಮೈಕ್ರೋಗ್ರಾಂ. ಅದರಲ್ಲೂ ಒಂದಷ್ಟು ಮೊದಲ ನಿಮಿಷದಲ್ಲೇ ಹೊರಟುಹೋಗುತ್ತದೆ. ಒಂದರ ಬದಲು ಎರಡು ಹನಿ ಹಾಕಿದರೆ ಗುಣ ಇಮ್ಮಡಿಯಾಗದಿರುವುದಕ್ಕೂ ಇದೇ ಕಾರಣ.

ಕಣ್ಣಿಗೆ ಹಾಕುವ ಪ್ರೋಟೀನುಗಳಲ್ಲಿ ಲೂಬ್ರಿಸಿನ್ ಒಂಟಿಯಲ್ಲ. ರೋಗಿಯ ರಕ್ತವನ್ನೇ ತೆಗೆದು, ಹೆಪ್ಪುಗಟ್ಟಿಸಿ, ಮೇಲೆ ನಿಂತ ಸೀರಮ್ಮನ್ನು ಸಾಮಾನ್ಯವಾಗಿ ಶೇ 20ಕ್ಕೆ ತೆಳುಮಾಡಿ ಹನಿಯಾಗಿ ಕೊಡುವ ಚಿಕಿತ್ಸೆಯನ್ನು ಷೋಗ್ರೆನ್ ಕಾಯಿಲೆಯವರಲ್ಲಿ ಬಳಸಿದ ವರದಿ 1984ರದ್ದು. ಬೆಳವಣಿಗೆಗೆ ನೆರವಾಗುವ ಪ್ರೋಟೀನುಗಳೂ ವಿಟಮಿನ್ ಎ ಕೂಡ ಅದರಲ್ಲಿರುತ್ತವೆ. ಭಾರತದ ದೊಡ್ಡ ಕಣ್ಣಿನ ಆಸ್ಪತ್ರೆಗಳಲ್ಲೂ ತೀವ್ರ ಪ್ರಕರಣಗಳಿಗೆ ಇದನ್ನು ಕೊಡುತ್ತಾರೆ. ಅದನ್ನು ತಣ್ಣಗೆ ಇಡಬೇಕು, ಸೋಂಕು ತಗುಲದಂತೆ ಕಾಯಬೇಕು. ಸೆನೆಗರ್ಮಿನ್ ಎಂಬ ನರ ಬೆಳವಣಿಗೆಯ ಪ್ರೋಟೀನಿಗೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು. ಕಾರ್ನಿಯಾದ ನರ ಸತ್ತು ಗಾಯ ಮಾಯದ ಕಣ್ಣಿಗೆ ದಿನಕ್ಕೆ ಆರು ಸಲದಂತೆ ಎಂಟು ವಾರ ಹಾಕುವ ಔಷಧ ಅದು. ಆ ಅಣುವನ್ನು ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ 1986ರಲ್ಲಿ ನೊಬೆಲ್ ಬಂದಿತ್ತು. ಮೂರನೆಯದು ರೇಷ್ಮೆ. ಹಿಪ್ಪುನೇರಳೆ ತಿನ್ನುವ ರೇಷ್ಮೆಹುಳುವಿನ ಗೂಡಿನಲ್ಲಿರುವ ಫೈಬ್ರಾಯಿನ್ ಪ್ರೋಟೀನನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ ಕಣ್ಣಿನ ಹನಿಯಾಗಿಸುವ ಪ್ರಯತ್ನ ಅಮೆರಿಕದಲ್ಲಿ ಮಾನವ ಪರೀಕ್ಷೆಯ ಹಂತ ಮುಟ್ಟಿದೆ. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗಳಲ್ಲಿ ನೂಲಿಗಾಗಿ ಹರಾಜಾಗುವ ಗೂಡಿನಲ್ಲಿರುವುದೂ ಇದೇ ಪ್ರೋಟೀನು.

ಇಂಥ ಯಾವ ಹನಿಯಿಂದಲೂ ಸಮೀಪದೃಷ್ಟಿಯ ನಂಬರು ಇಳಿಯುವುದಿಲ್ಲ, ಚಾಳೀಸಿನ ಕನ್ನಡಕ ಬಿಡಲಾಗುವುದಿಲ್ಲ, ಕಣ್ಣಿನ ಪೊರೆ (ಮಸೂರದ ಮಬ್ಬು) ಕರಗುವುದಿಲ್ಲ. ದೃಷ್ಟಿ ಸುಧಾರಿಸುವ ಹನಿ ಎಂಬ ಜಾಹೀರಾತುಗಳನ್ನು ನೋಡುವಾಗ ಈ ಗೆರೆ ನೆನಪಿರಬೇಕು. ಕಣ್ಣೀರಿನ ಪದರ ಕೆಟ್ಟಿದ್ದರಿಂದ ಕಳೆದುಹೋದ ಸ್ಪಷ್ಟತೆ ಮಾತ್ರ ಹನಿಯಿಂದ ಮರಳಬಲ್ಲದು. ಅದನ್ನು ಗುರುತಿಸುವ ಸುಲಭ ದಾರಿಯೂ ಇದೆ: ಎರಡು ಸಲ ರೆಪ್ಪೆ ಬಡಿದ ಕೂಡಲೇ ನೋಟ ತಿಳಿಯಾಗಿ, ಕೆಲವು ಸೆಕೆಂಡಿನಲ್ಲಿ ಮತ್ತೆ ಮಂಜಾಗುತ್ತಿದ್ದರೆ ಅನುಮಾನ ಕಣ್ಣೀರಿನ ಮೇಲೆ. ರೆಪ್ಪೆ ಬಡಿದರೂ ಬದಲಾಗದ ಮಸುಕಿಗೆ ಕಾರಣ ಬೇರೆಡೆ ಇರುತ್ತದೆ.

ಹನಿ ಹಾಕುವ ಕ್ರಮ ಸರಳ. ಕೈ ತೊಳೆದು, ಕೆಳರೆಪ್ಪೆಯನ್ನು ತುಸು ಎಳೆದು, ಶೀಶೆಯ ತುದಿ ತಾಗದಂತೆ ಒಂದೇ ಹನಿ ಬಿಟ್ಟು, ಕಣ್ಣು ಮುಚ್ಚಿ, ಮೂಗಿನ ಕಡೆಯ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿದರೆ ಔಷಧ ಗಂಟಲಿಗೆ ಇಳಿಯುವುದು ತಗ್ಗುತ್ತದೆ. ಎರಡನೆಯ ಔಷಧವಿದ್ದರೆ ಐದು ನಿಮಿಷವಾದರೂ ಬಿಡುವು ಬೇಕು. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಹಾಕಬೇಕಾದವರಿಗೆ ಸಂರಕ್ಷಕವಿಲ್ಲದ ಹನಿಯೇ ಲೇಸು. ಶೀಶೆಯೊಳಗೆ ಸೂಕ್ಷ್ಮಾಣು ಬೆಳೆಯದಿರಲಿ ಎಂದು ಸೇರಿಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಮಾರ್ಜಕದ ಗುಣದ್ದು. ಪದೇಪದೇ ಬಿದ್ದರೆ ಕಾರ್ನಿಯಾದ ಮೇಲ್ಪದರವನ್ನೂ ಕಣ್ಣೀರಿನ ಎಣ್ಣೆಯ ಪೊರೆಯನ್ನೂ ಅದೇ ಕೆಡಿಸುತ್ತದೆ. ಎಣ್ಣೆಗ್ರಂಥಿ ಕಟ್ಟಿಕೊಂಡವರಿಗೆ ರೆಪ್ಪೆಯ ಮೇಲೆ ಬಿಸಿ ಬಟ್ಟೆಯ ಶಾಖ, ಅಂಚಿನ ಸ್ವಚ್ಛತೆ ಇಲ್ಲದೆ ಹನಿಯೊಂದರಿಂದಲೇ ಪೂರ್ತಿ ಗುಣ ಸಿಗದು.

ಪೊರೆಯ ಆಪರೇಷನ್ನಿಗೆ ಮುಂಚೆ ಕಣ್ಣೀರಿನ ಸ್ಥಿತಿ ನೋಡುವುದು ವಿಶೇಷವಾಗಿ ಮುಖ್ಯ. ಕಣ್ಣೊಳಗೆ ಇಡುವ ಕೃತಕ ಮಸೂರದ ಪವರ್ ನಿರ್ಧಾರವಾಗುವುದು ಕಾರ್ನಿಯಾದ ಬಾಗನ್ನು ಅಳೆದು. ಆ ಯಂತ್ರ ಅಳೆಯುವುದು ಕಾರ್ನಿಯಾದ ಮೇಲಿನ ಕಣ್ಣೀರಿನಿಂದ ಮರಳುವ ಬೆಳಕನ್ನೇ. ಪದರ ಹರಿದಿದ್ದಾಗ ತೆಗೆದ ಅಳತೆಯಲ್ಲಿ ಒಂದು ಡಯಾಪ್ಟರ್ ತಪ್ಪಿದರೆ ಆಪರೇಷನ್ ಆದ ಮೇಲೆ ಕಣ್ಣಲ್ಲಿ ಹೆಚ್ಚುಕಡಿಮೆ ಅಷ್ಟೇ ನಂಬರು ಉಳಿಯುತ್ತದೆ. ಆದ್ದರಿಂದ ಎರಡು ಸಲದ ಅಳತೆ ಒಂದಕ್ಕೊಂದು ಹೊಂದದಿದ್ದರೆ, ಕೆಲವು ವಾರ ಹನಿ ಮತ್ತು ರೆಪ್ಪೆಯ ಚಿಕಿತ್ಸೆ ಕೊಟ್ಟು, ಕಣ್ಣಿನ ಮೈ ಸರಿಹೋದ ಮೇಲೆ ಮತ್ತೆ ಅಳೆದು ಮಸೂರ ಆರಿಸುತ್ತಾರೆ.